ಎರಡನೆಯ ಸಾಕ್ಷಿ

ನಿಮ್ಮ ಮನೆಯ ಅಟ್ಟದ ಮೇಲೆ ತಗಡಿನ ಒಂದು ಹಳೆಯ ಟ್ರಂಕು ಇರಬಹುದು. ಅದರೊಳಗೆ ಅಜ್ಜನ ಕಾಲದ ಲೆಕ್ಕದ ಪುಸ್ತಕ, ಬಣ್ಣ ಮಾಸಿದ ಮದುವೆಯ ಪತ್ರಿಕೆ, ಯಾರದೆಂದು ತಿಳಿಯದ ಭಾವಚಿತ್ರ, ಮನೆಯಲ್ಲಿ ಯಾರಿಗೂ ಓದಲು ಬಾರದ ಲಿಪಿಯ ಒಂದು ಕಾಗದ ಇರಬಹುದು. ಮನೆಗೆ ಸುಣ್ಣ ಹೊಡೆಸುವಾಗ ಆ ಟ್ರಂಕು ಕೆಳಗಿಳಿಯುತ್ತದೆ. 'ಇವನ್ನೆಲ್ಲ ಇಟ್ಟುಕೊಂಡು ಏನು ಮಾಡುವುದು?' ಎಂಬ ಮಾತು ಆಗ ತಪ್ಪದೆ ಬರುತ್ತದೆ. ಅದು ಕೇವಲ ಜಾಗದ ಅನುಕೂಲ ಅನನುಕೂಲಗಳ ಪ್ರಶ್ನೆಯೆಂದು ನಾನೂ ಬಹುಕಾಲ ತಿಳಿದಿದ್ದೆ. ಅದು ನ್ಯಾಯದ ಪ್ರಶ್ನೆಯೂ ಹೌದೆಂಬುದು ನನಗೆ ಒಂದು ತಪ್ಪು ಮಾಡಿದ ಮೇಲೆ ತಿಳಿಯಿತು. ಆ ತಪ್ಪನ್ನು ಮೊದಲು ನಿಮ್ಮ ಮುಂದೆ ಒಪ್ಪಿಕೊಳ್ಳುತ್ತೇನೆ.

ನಾನು ಗುರುದೀಕ್ಷೆ ಪಡೆದ ಹೊಸತರಲ್ಲಿ ಉತ್ತರ ಕರ್ನಾಟಕದ ಒಂದು ಹಳ್ಳಿಯ ಧರ್ಮಕೇಂದ್ರಕ್ಕೆ ನೇಮಕಗೊಂಡೆ. ದೇವಾಲಯದ ಹಿಂದಿನ ಕೋಣೆಯಲ್ಲಿ ಗೆದ್ದಲು ಹಿಡಿದ ಕಾಗದಗಳ ರಾಶಿಯಿತ್ತು. ಜ್ಞಾನಸ್ನಾನ, ವಿವಾಹ, ಮರಣಗಳ ದಾಖಲೆ ಪುಸ್ತಕಗಳನ್ನು ಕಾಪಾಡಬೇಕೆಂದು ಧರ್ಮಸಭೆಯ ಕಾನೂನೇ ವಿಧಿಸುತ್ತದೆ. ಗುರುಮಠದಲ್ಲಿ ಕಲಿತಿದ್ದ ಆ ಪಾಠವನ್ನು ಪಾಲಿಸಿ ಅವನ್ನು ಬೇರೆ ತೆಗೆದಿಟ್ಟೆ. ಉಳಿದವು ಹಿಂದೊಮ್ಮೆ ಅಲ್ಲಿದ್ದ ಅನಾಥ ಮಕ್ಕಳ ವಸತಿಗೃಹದ ಹಾಜರಿ ಪುಸ್ತಕಗಳು, ಜೋಳ ಅಳೆದು ಕೊಟ್ಟ ಲೆಕ್ಕಗಳು, ಬಟ್ಟೆ ಹಂಚಿದ ಪಟ್ಟಿಗಳು. ಅವುಗಳಿಂದ ಯಾರಿಗೂ ಪ್ರಯೋಜನವಿಲ್ಲವೆಂದು ನಿರ್ಧರಿಸಿ, ಅಂಗಳದಲ್ಲಿ ರಾಶಿ ಹಾಕಿಸಿ ಬೆಂಕಿ ಇಡಿಸಿದೆ. ಕೋಣೆ ಸ್ವಚ್ಛವಾಯಿತು, ನನಗೆ ಸಂತೋಷವೂ ಆಯಿತು.

ಮೂರು ವರ್ಷಗಳ ನಂತರ ಒಬ್ಬ ವೃದ್ಧರು ಬಸ್ಸಿಳಿದು ನಮ್ಮ ಬಾಗಿಲಿಗೆ ಬಂದರು. ಅವರ ತಾಯಿ ಎಳೆಯ ಹುಡುಗಿಯಾಗಿದ್ದಾಗ ಬರಗಾಲದಲ್ಲಿ ಆ ವಸತಿಗೃಹವನ್ನು ಸೇರಿದವರಂತೆ. ಅವರನ್ನು ತಂದುಬಿಟ್ಟವರು ಯಾರು, ಯಾವ ಊರಿನಿಂದ ಬಂದರು ಎಂಬುದು ಆ ತಾಯಿಗೂ ನೆನಪಿರಲಿಲ್ಲ. ಜ್ಞಾನಸ್ನಾನದ ಪುಸ್ತಕ ತೆರೆದು ನೋಡಿದೆ. ಹೆಸರಿತ್ತು, ದಿನಾಂಕವಿತ್ತು, ತಂದೆತಾಯಿಗಳ ಹೆಸರಿನ ಜಾಗದಲ್ಲಿ ಒಂದು ಗೆರೆ ಎಳೆದಿತ್ತು. ಊರಿನ ಹೆಸರು ವಸತಿಗೃಹದ ಪುಸ್ತಕದಲ್ಲಿ ಇದ್ದಿರಬಹುದಾಗಿತ್ತು. ಅದನ್ನು ಸುಟ್ಟವನು ನಾನು. ನಡೆದದ್ದನ್ನು ಹೇಳಿದಾಗ ಅವರು ಸಿಟ್ಟಾಗಲಿಲ್ಲ. "ಆಸ್ತಿ ಕೇಳಾಕ ಬಂದಿಲ್ರಿ ಫಾದರ್. ನಮ್ಮವ್ವ ಯಾವ ಊರಾಕಿ ಅನ್ನೋದು ತಿಳಿದಿದ್ರ ಸಾಕಿತ್ರಿ" ಎಂದಷ್ಟೇ ನುಡಿದು, ಕೊಟ್ಟ ಚಹಾ ಕುಡಿದು, ಮರಳಿ ಹೋದರು.

ಸತ್ತವರ ಬರಹಕ್ಕೂ ಬದುಕಿರುವ ನಮಗೂ ಇರುವ ಋಣವೇನು ಎಂದು ನಾನು ಚಿಂತಿಸಲಾರಂಭಿಸಿದ್ದು ಆ ದಿನದಿಂದ. ಉತ್ತರದ ಮೊದಲ ಎಳೆ ಸಿಕ್ಕಿದ್ದು ಮೋಶೆಯ ಧರ್ಮಶಾಸ್ತ್ರದಲ್ಲಿ. ಯಾವ ಮನುಷ್ಯನ ಮೇಲಿನ ಆಪಾದನೆಯನ್ನೂ ಒಬ್ಬನೇ ಸಾಕ್ಷಿಯ ಮಾತಿನಿಂದ ತೀರ್ಮಾನಿಸಬಾರದು, ಇಬ್ಬರೋ ಮೂವರೋ ಸಾಕ್ಷಿಗಳಿರಬೇಕು ಎಂಬುದು ಅಲ್ಲಿನ ಕಟ್ಟಳೆ. ಅದು ನ್ಯಾಯಸ್ಥಾನಕ್ಕೆ ಹೇಳಿದ ಮಾತು. ಆದರೆ ಮಡಿದವರ ಬಗ್ಗೆಯೂ ನಾವು ದಿನನಿತ್ಯ ತೀರ್ಪು ಕೊಡುತ್ತೇವೆ. ಇವನು ವೀರ, ಇವನು ದ್ರೋಹಿ, ಇವರು ಅನಾಗರಿಕರು ಎನ್ನುತ್ತೇವೆ. ಆ ತೀರ್ಪುಗಳಿಗೆ ಎಷ್ಟು ಜನ ಸಾಕ್ಷಿಗಳನ್ನು ವಿಚಾರಿಸಿರುತ್ತೇವೆ?

ಈ ಪ್ರಶ್ನೆ ನನ್ನನ್ನು ಗಟ್ಟಿಯಾಗಿ ತಟ್ಟಿದ್ದು ಸುರಪುರದ ಬೆಟ್ಟದ ಮೇಲೆ. ಅಲ್ಲಿ ಟೇಲರ್ ಮಂಜಿಲ್ ಎಂಬ ಬಂಗಲೆಯಿದೆ. ಅದನ್ನು ಕಟ್ಟಿಸಿದ ಫಿಲಿಪ್ ಮೆಡೋಸ್ ಟೇಲರ್ ಇಂಗ್ಲೆಂಡಿನಲ್ಲಿ 1808ರಲ್ಲಿ ಹುಟ್ಟಿ, ಹದಿಹರೆಯದಲ್ಲಿಯೇ ಭಾರತಕ್ಕೆ ಬಂದು ನಿಜಾಮರ ಸೇವೆಗೆ ಸೇರಿದವನು. 1841ರಲ್ಲಿ ಸುರಪುರ ಸಂಸ್ಥಾನಕ್ಕೆ ಬ್ರಿಟಿಷರ ಪ್ರತಿನಿಧಿಯಾಗಿ ಬಂದು 1853ರವರೆಗೆ ಆಡಳಿತ ನೋಡಿಕೊಂಡ. ಆಗ ಪಟ್ಟಕ್ಕೆ ಹಕ್ಕುದಾರನಾಗಿದ್ದ ವೆಂಕಟಪ್ಪ ನಾಯಕ ಇನ್ನೂ ಎಳೆಯ ಬಾಲಕ. ಟೇಲರ್ ಅವನ ವಿದ್ಯಾಭ್ಯಾಸದ ಹೊಣೆ ಹೊತ್ತ. ಹುಡುಗ ಅವನನ್ನು 'ಅಪ್ಪಾ' ಎಂದು ಕರೆಯುತ್ತಿದ್ದ. 1858ರ ಫೆಬ್ರವರಿಯಲ್ಲಿ ಅದೇ ಹುಡುಗ, ಆಗಿನ್ನೂ ತರುಣ ರಾಜ, ಬ್ರಿಟಿಷರ ಎದುರು ನಿಂತ. ಯುದ್ಧದಲ್ಲಿ ಕ್ಯಾಪ್ಟನ್ ನ್ಯೂಬೆರಿ ಎಂಬ ಅಧಿಕಾರಿ ಮಡಿದ, ಸುರಪುರ ಬಿತ್ತು, ರಾಜ ಸೆರೆಯಾದ. ಮರಣದಂಡನೆ ಇಳಿಯುತ್ತಾ ಬಂದು ಕೊನೆಗೆ ನಾಲ್ಕು ವರ್ಷಗಳ ಸೆರೆವಾಸವಾಯಿತು. ಚೆಂಗಲಪಟ್ಟಿನ ಸೆರೆಗೆ ಒಯ್ಯುವ ದಾರಿಯಲ್ಲಿ, ಬೆಂಗಾವಲಿನ ಇಂಗ್ಲಿಷ್ ಅಧಿಕಾರಿಯ ರಿವಾಲ್ವರಿನ ಗುಂಡಿಗೆ ಅವನು ಬಲಿಯಾದ. ತಾನೇ ಹೊಡೆದುಕೊಂಡನೆಂದು ಇಂಗ್ಲಿಷರ ಬರಹಗಳು ಹೇಳುತ್ತವೆ. ಸುರಪುರದ ಜನ ಅದನ್ನು ಸುಲಭವಾಗಿ ನಂಬಿದವರಲ್ಲ. 1860ರಲ್ಲಿ ಸಂಸ್ಥಾನ ನಿಜಾಮರ ಪಾಲಾಯಿತು.

ಈ ವಿವರಗಳನ್ನು ನಾವು ಎಲ್ಲಿಂದ ಪಡೆಯುತ್ತೇವೆ? ಬಹುಪಾಲು ಟೇಲರನ ಆತ್ಮಕಥೆಯಿಂದಲೇ. ಅವನು 1876ರಲ್ಲಿ ತೀರಿಕೊಂಡ ಮೇಲೆ, 1877ರಲ್ಲಿ, ಅವನ ಮಗಳು ಅದನ್ನು ಪ್ರಕಟಿಸಿದಳು. ಸುರಪುರದಿಂದ ಅವನು ತನ್ನ ಬಂಧು ಹೆನ್ರಿ ರೀವನಿಗೆ ಬರೆದ ಪತ್ರಗಳೂ 1947ರಲ್ಲಿ ಪುಸ್ತಕವಾಗಿ ಬಂದವು. ಟೇಲರ್ ಕೆಟ್ಟ ಸಾಕ್ಷಿಯೇನಲ್ಲ. ಈ ಸೀಮೆಯ ಜನರನ್ನು ಅವನು ಪ್ರೀತಿಸಿದ. ಕೆರೆಗಳ ಬಗ್ಗೆ, ಬೆಳೆಗಳ ಬಗ್ಗೆ, ಬಯಲಿನಲ್ಲಿ ನಿಂತ ಪ್ರಾಚೀನ ಶಿಲಾಸಮಾಧಿಗಳ ಬಗ್ಗೆ ಶ್ರದ್ಧೆಯಿಂದ ಬರೆದ. ಸೆರೆಯಲ್ಲಿದ್ದ ರಾಜನನ್ನು ಕಂಡು ಕಣ್ಣೀರಿಟ್ಟವನೂ ಅವನೇ. ಆದರೂ ಅವನು ಒಬ್ಬನೇ ಸಾಕ್ಷಿ. ರಾಜನನ್ನು ಸೋಲಿಸಿದ ಅಧಿಕಾರದ ಸಂಬಳ ಉಂಡ ಸಾಕ್ಷಿ. 'ಅಪ್ಪಾ' ಎಂದು ಕರೆದ ಹುಡುಗನ ಮನಸ್ಸಿನಲ್ಲಿ ಏನಿತ್ತೆಂಬುದನ್ನು ನಾವು ಆ 'ಅಪ್ಪ'ನ ಬಾಯಿಂದಲೇ ಕೇಳಬೇಕಾಗಿದೆ. ಮಗನೇ ಮಾತನಾಡಿದ್ದರೆ ಕಥೆ ಬೇರೆಯಾಗಿರುತ್ತಿತ್ತೇ? ನನಗೆ ಆ ಬೆಟ್ಟದ ಮೇಲೆ ನೆನಪಾದದ್ದು ಬಸ್ಸಿಳಿದು ಬಂದ ಆ ವೃದ್ಧರು. ಅವರ ತಾಯಿಯ ಕಥೆಗೂ ಉಳಿದದ್ದು ಒಂದೇ ಸಾಕ್ಷಿ, ನಮ್ಮ ಪುಸ್ತಕದ ಒಂದು ಗೆರೆ.

ಸುರಪುರದ ಬದಿಯಿಂದ ಸಾಕ್ಷಿ ಹುಡುಕಿದವರು ಇಲ್ಲದಿಲ್ಲ. ಕಪಟರಾಳ ಕೃಷ್ಣರಾಯರು ಕನ್ನಡದಲ್ಲಿ ಸುರಪುರ ಸಂಸ್ಥಾನದ ಇತಿಹಾಸವನ್ನು ಬರೆದು ದೊಡ್ಡ ಉಪಕಾರ ಮಾಡಿದರು. ಅಂತಹ ಕೆಲಸಕ್ಕೆ ಆಧಾರಗಳು ಬೇಕು. ಅವು ಸಾಮಾನ್ಯವಾಗಿ ಸಾಮಾನ್ಯರ ಮನೆಗಳಲ್ಲೇ ಇರುತ್ತವೆ. ಇದ್ದಿಲು ಮತ್ತು ಅಂಟು ಸವರಿ ಗಟ್ಟಿಮಾಡಿದ ಬಟ್ಟೆಯ ಮಡಿಕೆಗಳ ಮೇಲೆ ಬಳಪದಿಂದ ಬರೆದ ಕಡತಗಳು, ಮೋಡಿ ಅಕ್ಷರದ ಚೀಟಿಗಳು, ನಿಜಾಮರ ಕಾಲದ ಉರ್ದು ಕಾಗದಗಳು, ತಾಳೆಗರಿಯ ಕಟ್ಟುಗಳು. ತಾಳೆಗರಿಯಾದರೋ ಸ್ವಭಾವತಃ ಅಲ್ಪಾಯುಷಿ. ಕಂಟದಿಂದ ಕೊರೆದ ಅಕ್ಷರಕ್ಕೆ ಮಸಿ ತೀಡಿದರೆ ಮಾತ್ರ ಅದು ಕಾಣುತ್ತದೆ. ಹುಳು, ಶೀತ, ಹೊಗೆಗಳಿಂದ ಅದು ಜೀರ್ಣವಾಗುವ ಮುನ್ನ ಯಾರಾದರೂ ಕುಳಿತು ಪ್ರತಿ ಮಾಡಬೇಕು. ಇಂದು ನಮ್ಮ ಕೈಗೆ ಬಂದಿರುವ ಪ್ರತಿಯೊಂದು ಹಳೆಯ ಕಾವ್ಯದ ಹಿಂದೆ ಹೆಸರಿಲ್ಲದ ಎಷ್ಟೋ ಲಿಪಿಕಾರರ ಬಗ್ಗಿದ ಬೆನ್ನುಗಳಿವೆ.

ಇದೇ ಸೀಮೆಯ ಮುದನೂರು ವಚನಕಾರ ದಾಸಿಮಯ್ಯನ ಊರು. ನೇಕಾರನೊಬ್ಬನ ಮಾತು ಶತಮಾನಗಳನ್ನು ದಾಟಿ ನಮಗೆ ಕೇಳಿಸುತ್ತಿದ್ದರೆ ಅದಕ್ಕೆ ಮಠಗಳಲ್ಲಿ, ಮನೆಗಳಲ್ಲಿ ಉಳಿದ ಗರಿಗಳೇ ಕಾರಣ. ಪಕ್ಕದ ವಿಜಯಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಅಂತಹ ಕಟ್ಟುಗಳಿಗಾಗಿ ಊರೂರು ಅಲೆದು, 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಹೊರತಂದರು. ಮುದ್ರಣಾಲಯಕ್ಕಾಗಿ ಸ್ವಂತ ಮನೆಯನ್ನೂ ಮಾರಿದರು. ಅದೇ ಸೀಮೆಯ ಕೊಡೇಕಲ್ಲಿನಲ್ಲಿ ಕೊಡೇಕಲ್ಲು ಬಸವಣ್ಣನ ಪರಂಪರೆಯವರು ಅಮರಗನ್ನಡವೆಂಬ ಪ್ರತ್ಯೇಕ ಲಿಪಿಯ ಹಸ್ತಪ್ರತಿಗಳನ್ನು ಪೂಜ್ಯಭಾವದಿಂದ ಕಾಪಾಡಿಕೊಂಡು ಬಂದಿದ್ದಾರೆ. ಹೊರಗಿನವರಿಗೆ ಓದಲು ಬಾರದಿದ್ದ ಅಕ್ಷರಗಳನ್ನು ತಲೆಮಾರುಗಳ ಕಾಲ ಹೊತ್ತುಕೊಂಡು ಬರುವುದಕ್ಕೆ ಎಂತಹ ನಿಷ್ಠೆ ಬೇಕು!

ಇದಕ್ಕೆ ವ್ಯತಿರಿಕ್ತವಾದುದನ್ನೂ ಇದೇ ಜಿಲ್ಲೆಯಲ್ಲಿ ಕಾಣಬಹುದು. ಶಹಾಪುರದ ಸಮೀಪ ವಿಭೂತಿಹಳ್ಳಿಯ ಬಯಲಿನಲ್ಲಿ ಪ್ರಾಚೀನರು ಬಂಡೆಗಳನ್ನು ಸಾಲುಸಾಲಾಗಿ ಇಟ್ಟಿದ್ದಾರೆ. ಅಷ್ಟು ಕಲ್ಲುಗಳನ್ನು ಹೊತ್ತು ತಂದು ಅಳತೆ ತಪ್ಪದಂತೆ ಜೋಡಿಸಿದವರಿಗೆ ಹೇಳುವುದೇನೋ ಇತ್ತು. ಆದರೆ ಒಂದು ಅಕ್ಷರವೂ ಉಳಿದಿಲ್ಲ. ನಾವು ಊಹಿಸುತ್ತೇವೆ, ಅವರು ನಮ್ಮನ್ನು ತಿದ್ದಲಾರರು.

ಹಾಗಾದರೆ ಮನೆಗಳಲ್ಲಿ ನಶಿಸುತ್ತಿರುವ ಬರಹಕ್ಕೆ ಆಸರೆ ಯಾವುದು? ಇಲ್ಲಿಯೇ ವಿಶ್ವವಿದ್ಯಾಲಯಗಳ ಗ್ರಂಥಾಲಯಗಳ ಮಹತ್ವ ನಮಗೆ ಮನದಟ್ಟಾಗಬೇಕು. ಮೈಸೂರಿನಲ್ಲಿ 1891ರಲ್ಲಿ ಪ್ರಾಚ್ಯ ಹಸ್ತಪ್ರತಿಗಳ ಗ್ರಂಥಾಲಯವೊಂದು ಆರಂಭವಾಯಿತು. ಅದು ಮುಂದೆ ಮೈಸೂರು ವಿಶ್ವವಿದ್ಯಾಲಯದ ಪ್ರಾಚ್ಯವಿದ್ಯಾ ಸಂಶೋಧನಾಲಯವಾಯಿತು. ತಂಜಾವೂರು ಸೀಮೆಯ ಒಬ್ಬ ಪಂಡಿತರು ಅಲ್ಲಿಗೆ ತಾಳೆಗರಿಯ ಒಂದು ಕಟ್ಟನ್ನು ತಂದುಕೊಟ್ಟರು. ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು 1905ರ ಸುಮಾರಿಗೆ ಅದನ್ನು ಬಿಚ್ಚಿ ಓದಿದರು. ಹೆಸರು ಮಾತ್ರ ಕೇಳಿಬರುತ್ತಿದ್ದು ಕಳೆದೇಹೋಯಿತೆಂದು ಎಲ್ಲರೂ ಭಾವಿಸಿದ್ದ ಕೌಟಿಲ್ಯನ ಅರ್ಥಶಾಸ್ತ್ರ ಅದಾಗಿತ್ತು! 1909ರಲ್ಲಿ ಅದು ಅಚ್ಚಾದಾಗ, ಪ್ರಾಚೀನ ಭಾರತೀಯರಿಗೆ ರಾಜ್ಯಶಾಸ್ತ್ರದ ಕಲ್ಪನೆಯೇ ಇರಲಿಲ್ಲವೆಂದು ಹೇಳುತ್ತಿದ್ದವರು ತಮ್ಮ ತೀರ್ಪನ್ನು ಹಿಂತೆಗೆದುಕೊಳ್ಳಬೇಕಾಯಿತು. ಎರಡನೆಯ ಸಾಕ್ಷಿ ಬಾಯಿ ತೆರೆದದ್ದರಿಂದ ಒಂದು ಇಡೀ ನಾಡಿನ ಮೇಲಿನ ಆಪಾದನೆ ಕಳಚಿತು. ತಂದುಕೊಟ್ಟ ಪಂಡಿತರು, ಕಾಪಾಡಿದ ಗ್ರಂಥಾಲಯ, ಓದಿದ ಶಾಸ್ತ್ರಿಗಳು, ಈ ಮೂವರಲ್ಲಿ ಒಬ್ಬರು ತಪ್ಪಿದ್ದರೂ ಅದು ಆಗುತ್ತಿರಲಿಲ್ಲ.

ಧಾರವಾಡದಲ್ಲಿ 1939ರಲ್ಲಿ ಆರಂಭವಾಗಿ ಮುಂದೆ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದ ಕನ್ನಡ ಸಂಶೋಧನ ಸಂಸ್ಥೆ, 1991ರಲ್ಲಿ ಹುಟ್ಟಿದ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಹಸ್ತಪ್ರತಿ ವಿಭಾಗ ಇವೂ ಇದೇ ಕಾಯಕದಲ್ಲಿ ತೊಡಗಿವೆ. ಹೂವಿನಹಾರ ಕಾಣದ ಕಾಯಕವದು. ಗರಿಗಳ ಧೂಳು ಒರೆಸುವುದು, ಎಣ್ಣೆ ಸವರುವುದು, ಎಣಿಸುವುದು, ಸೂಚಿಯಲ್ಲಿ ಒಂದು ಸಾಲು ಬರೆಯುವುದು. ಸೂಚಿಯ ಆ ಒಂದು ಸಾಲು ಇಲ್ಲದಿದ್ದರೆ ಕಪಾಟಿನೊಳಗಿದ್ದೂ ಬರಹ ಇಲ್ಲದಂತೆಯೇ.

ನಮ್ಮ ಕ್ರೈಸ್ತ ಸಮುದಾಯದ್ದೇ ಒಂದು ನಿದರ್ಶನವನ್ನು ನೋಡೋಣ. ಗೋವೆಯಲ್ಲಿ ಸೇವೆ ಸಲ್ಲಿಸಿದ ಇಂಗ್ಲೆಂಡಿನ ಯೇಸುಸಭೆಯ ಗುರು ಥಾಮಸ್ ಸ್ಟೀಫನ್ಸ್ ಹತ್ತು ಸಾವಿರಕ್ಕೂ ಮಿಕ್ಕಿದ ಓವಿಗಳಲ್ಲಿ ಮರಾಠಿಯ 'ಕ್ರಿಸ್ತಪುರಾಣ'ವನ್ನು ರಚಿಸಿದರು. ಅದು 1616, 1649, 1654ರಲ್ಲಿ ಮೂರು ಬಾರಿ ರೋಮನ್ ಲಿಪಿಯಲ್ಲಿ ಅಚ್ಚಾಯಿತು. ಆ ಮುದ್ರಣಗಳ ಒಂದು ಪ್ರತಿಯೂ ಇಂದು ಲಭ್ಯವಿಲ್ಲ. 1684ರಲ್ಲಿ ಪೋರ್ಚುಗೀಸ್ ಆಡಳಿತವು ನಾಡಭಾಷೆಯ ಬಳಕೆಯನ್ನೇ ತಡೆಯುವ ಆಜ್ಞೆ ಹೊರಡಿಸಿತ್ತು. ಆದರೂ ಪುರಾಣ ಸಾಯಲಿಲ್ಲ. ಕುಟುಂಬಗಳು ಅದನ್ನು ಕೈಯಿಂದ ಬರೆದುಕೊಂಡವು, ಮನೆಗಳಲ್ಲಿ ಹಾಡಿಕೊಂಡವು. 1907ರಲ್ಲಿ ಮಂಗಳೂರಿನ ಜೆ. ಎಲ್. ಸಲ್ಡಾನ್ಹರು ಅಂತಹ ಕೈಬರಹದ ಪ್ರತಿಗಳನ್ನು ಕೂಡಿಸಿ, ಹೋಲಿಸಿ, ಮತ್ತೆ ಅಚ್ಚು ಹಾಕಿಸಿದರು. ಮುದ್ರಣಾಲಯ ಉಳಿಸಲಾರದ್ದನ್ನು ಮನೆಯ ಪೆಟ್ಟಿಗೆಗಳು ಉಳಿಸಿದ್ದವು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ವಿಲಿಯಂ ಮಾರ್ಸ್‌ಡೆನ್ ಎಂಬ ಇಂಗ್ಲಿಷ್ ವಿದ್ವಾಂಸ ತನ್ನ ಸಂಗ್ರಹವನ್ನು 1835ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿಗೆ ಕೊಟ್ಟಿದ್ದ. ಅದು ಮುಂದೆ ಲಂಡನ್ ವಿಶ್ವವಿದ್ಯಾಲಯದ ಪ್ರಾಚ್ಯ ಅಧ್ಯಯನ ಶಾಲೆಯ ಗ್ರಂಥಾಲಯವನ್ನು ಸೇರಿತು. 1920ರ ದಶಕದಲ್ಲಿ ಜಸ್ಟಿನ್ ಅಬಟ್ ಎಂಬವರು ಆ ಸಂಗ್ರಹದಲ್ಲಿ ಕ್ರಿಸ್ತಪುರಾಣದ ನಾಗರಿ ಲಿಪಿಯ ಹಸ್ತಪ್ರತಿಯನ್ನು ಗುರುತಿಸಿದರು. ಮಂಗಳೂರಿನ ಪಾಠಕ್ಕೂ ಅದಕ್ಕೂ ಪದಬಳಕೆಯಲ್ಲಿ ವ್ಯತ್ಯಾಸಗಳಿವೆ. ಎರಡೂ ಇರುವುದರಿಂದಲೇ ವಿದ್ವಾಂಸರು ಕವಿಯ ಮೂಲ ಮಾತಿನ ಕಡೆಗೆ ಹೆಜ್ಜೆಯಿಡಬಲ್ಲರು.

ಇಲ್ಲಿ ಒಂದು ಆಕ್ಷೇಪಣೆ ಏಳುತ್ತದೆ. ನಮ್ಮ ನೆಲದ ಬರಹ ಲಂಡನ್ನಿನಲ್ಲಿರುವುದು ನ್ಯಾಯವೇ? ಅಧಿಕಾರದ ಬಲದಿಂದ, ಅಗ್ಗದ ಬೆಲೆಗೆ, ಕೇಳದೆಯೇ ಹೊತ್ತೊಯ್ದ ಬರಹಗಳ ಬಗ್ಗೆ ನಮ್ಮ ನೋವು ನ್ಯಾಯವಾದದ್ದೇ. ಆದರೆ ನನ್ನ ಅಂಗಳದ ಬೂದಿಯನ್ನು ನೆನೆದಾಗ ನನ್ನ ದನಿ ತಗ್ಗುತ್ತದೆ. ಲಂಡನ್ನಿನಲ್ಲಿರುವುದನ್ನು ಕೇಳಿ ಪಡೆಯಬಹುದು, ಅದರ ಪ್ರತಿಯನ್ನಾದರೂ ತರಿಸಬಹುದು. ನಾನು ಸುಟ್ಟದ್ದನ್ನು ಯಾರಿಂದ ಕೇಳಲಿ? ದೂರದವರ ಕಪಾಟನ್ನು ದೂರುವ ಹಕ್ಕು ನಮಗಿದೆ. ಆ ಹಕ್ಕಿಗೆ ಬಲ ಬರುವುದು ನಮ್ಮ ಅಟ್ಟದ ಪೆಟ್ಟಿಗೆಯನ್ನು ನಾವು ಕಾಪಾಡಿದಾಗ.

ಇನ್ನೊಂದು ಆಕ್ಷೇಪಣೆ ಇದಕ್ಕಿಂತ ಗಂಭೀರ. ಯಾದಗಿರಿ ಜಿಲ್ಲೆಯ ಹಳ್ಳಿಗಳಿಂದ ಇಂದಿಗೂ ಜನ ಕೂಲಿ ಅರಸಿ ಬೆಂಗಳೂರು, ಮುಂಬಯಿಗಳಿಗೆ ಗುಳೆ ಹೋಗುತ್ತಾರೆ. ಕೂಸುಗಳನ್ನು ಕಂಕುಳಲ್ಲಿ ಎತ್ತಿಕೊಂಡು ಬಸ್ಸಿನ ಮೇಲೆ ಪಾತ್ರೆಪಗಡಗಳನ್ನು ಏರಿಸುವವರನ್ನು ಕಂಡವರಿಗೆ, ತಾಳೆಗರಿಯ ಚಿಂತೆ ಉಂಡು ಮಿಕ್ಕವರ ವಿಲಾಸವೆನಿಸಬಹುದು. ನಾನೂ ಹಾಗೆಯೇ ಯೋಚಿಸಿದ್ದೆ. ಆದರೆ ಗಮನಿಸಿ: ಅರಸರ ನೆನಪನ್ನು ಕೋಟೆಕೊತ್ತಲಗಳು ಉಳಿಸುತ್ತವೆ. ಬಡವನ ನೆನಪಿಗೆ ಕಾಗದದ ಒಂದು ಸಾಲಲ್ಲದೆ ಬೇರೆ ಆಧಾರವೇನಿದೆ? ಹೊಲ ತನ್ನದೆಂದು ತೋರಿಸಲು ಪಹಣಿ ಬೇಕು. ಅದರ ಹಿಂದಿನ ಉರ್ದು ಕಾಗದ ಓದಬಲ್ಲವರನ್ನು ಹುಡುಕಿಕೊಂಡು ಅವನು ಅಲೆಯುತ್ತಾನೆ. ಆ ವೃದ್ಧರ ತಾಯಿಯ ಊರು ಇದ್ದದ್ದು ಯಾವ ರಾಜನ ಶಾಸನದಲ್ಲೂ ಅಲ್ಲ, ಜೋಳ ಅಳೆದ ಲೆಕ್ಕದ ಬದಿಯಲ್ಲಿ. ಅಂತಹ ಲೆಕ್ಕವನ್ನು ಕಸವೆಂದು ತೀರ್ಮಾನಿಸುವಾಗ ನಾವು ಅರಿಯದೆಯೇ ಯಾರು ನೆನಪಿಗೆ ಅರ್ಹರು, ಯಾರು ಅಲ್ಲ ಎಂದು ತೀರ್ಪು ಕೊಟ್ಟುಬಿಡುತ್ತೇವೆ.

ಹಾಗೆಂದು ಎಲ್ಲವನ್ನೂ ಎಲ್ಲರ ಮುಂದೆ ಹರಡಬೇಕೆಂದು ನಾನು ಹೇಳುತ್ತಿಲ್ಲ. ಒಂದು ಮನೆತನದ ನೋವು, ಒಬ್ಬಳು ತಾಯಿಯ ಗುಟ್ಟು, ಒಂದು ಪರಂಪರೆಯ ಪೂಜ್ಯ ಗ್ರಂಥ ಇವುಗಳಿಗೆ ಮರ್ಯಾದೆಯಿದೆ. ಒಳ್ಳೆಯ ದಾಖಲಾತಿ ಭಂಡಾರಗಳೂ ಕೆಲವು ಕಾಗದಗಳನ್ನು ನಿಗದಿತ ಕಾಲ ತೆರೆಯುವುದಿಲ್ಲ. ಆದರೆ ಮರ್ಯಾದೆಗಾಗಿ ಮುಚ್ಚಿಡುವುದಕ್ಕೂ ಹೆಮ್ಮೆಗಾಗಿ ಬಚ್ಚಿಡುವುದಕ್ಕೂ ಅಂತರವಿದೆ. ತಲಾಂತನ್ನು ನೆಲದಲ್ಲಿ ಹೂತಿಟ್ಟ ಸೇವಕ ಅದನ್ನು ಕಳೆದುಕೊಂಡಿರಲಿಲ್ಲ. ಯಜಮಾನನಿಗೆ ಹಾಗೆಯೇ ಮರಳಿಸಿದ. ಆದರೂ ಅವನು ಗದರಿಕೆಗೆ ಗುರಿಯಾದನೆಂಬುದನ್ನು ನಾವು ಮರೆಯಬಾರದು.

ಪ್ರಿಯ ಓದುಗರೇ, ಮುಂದಿನ ಬಾರಿ ಟ್ರಂಕು ಕೆಳಗಿಳಿದಾಗ ಕೆಲವು ಚಿಕ್ಕ ಕೆಲಸಗಳನ್ನು ಮಾಡಬಹುದು. ಭಾವಚಿತ್ರದಲ್ಲಿರುವವರ ಹೆಸರನ್ನು ಅಜ್ಜಿ ಬದುಕಿರುವಾಗಲೇ ಕೇಳಿ, ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದಿಡಿ. ಓದಲು ಬಾರದ ಕಾಗದವನ್ನು ಬೆಲೆಯಿಲ್ಲದ್ದೆಂದು ತಿಳಿಯಬೇಡಿ, ಬಲ್ಲವರಿಗೆ ತೋರಿಸಿ. ಹರಿದದ್ದಕ್ಕೆ ಅಂಟುಪಟ್ಟಿ ಹಚ್ಚಬೇಡಿ. ಪ್ಲಾಸ್ಟಿಕ್ಕಿನ ಲ್ಯಾಮಿನೇಷನ್ ಮಾಡಿಸಬೇಡಿ. ಅದು ಕಾಗದವನ್ನು ಕೆಡಿಸುತ್ತದೆ, ಮತ್ತೆ ಬಿಡಿಸಲಾಗದು. ತಾಳೆಗರಿಯ ಕಟ್ಟಿದ್ದರೆ ಸ್ವತಃ ಬಿಚ್ಚಿ ತೊಳೆಯುವ ಸಾಹಸ ಬೇಡ. ವಿಶ್ವವಿದ್ಯಾಲಯದ ಹಸ್ತಪ್ರತಿ ವಿಭಾಗಕ್ಕೆ ಒಂದು ಪತ್ರ ಬರೆಯಿರಿ. ಮೂಲವನ್ನು ಕೊಡಲು ಮನಸ್ಸಿಲ್ಲದಿದ್ದರೆ ಛಾಯಾಪ್ರತಿ ತೆಗೆಸಿಕೊಂಡು ಮೂಲವನ್ನು ಮನೆಯಲ್ಲೇ ಇಟ್ಟುಕೊಳ್ಳುವ ಅನುಕೂಲ ಈಗ ಇದೆ.

ನಾನು ಈಗ ಯಾವ ಧರ್ಮಕೇಂದ್ರಕ್ಕೆ ಹೋದರೂ ಮೊದಲು ಹಿಂದಿನ ಕೋಣೆಯನ್ನು ತೆರೆಸುತ್ತೇನೆ. ಗೆದ್ದಲು ಕೊಡವಿ, ಒಣಗಿಸಿ, ಹತ್ತಿ ಬಟ್ಟೆಯಲ್ಲಿ ಕಟ್ಟಿ, ಮೇಲೊಂದು ಚೀಟಿ ಬರೆದು ಇಡುತ್ತೇನೆ. ಅವುಗಳಲ್ಲಿ ಬಹಳಷ್ಟನ್ನು ಯಾರೂ ಎಂದೂ ಕೇಳಲಾರರು. ಆದರೆ ಎಂದೋ ಒಂದು ಮಧ್ಯಾಹ್ನ ಯಾರೋ ಬಸ್ಸಿಳಿದು ಬಂದು, ತಮ್ಮ ಅವ್ವ ಯಾವ ಊರವಳೆಂದು ಕೇಳಬಹುದು. ಆಗ ಅಲ್ಲಿರುವ ಗುರುವಿಗೆ ಚಹಾದ ಜೊತೆಗೆ ಒಂದು ಊರಿನ ಹೆಸರನ್ನೂ ಕೊಡಲು ಸಾಧ್ಯವಾಗಲಿ.